ಅಟ್ಟದ ಮೇಲಿನ ಹಳೇ ಸೈನ್ಯದ ಕೋವಿ: ರಿಪೇರಿ ಮಾಡಿಸಬೇಕೇ, ಹಾಗೇ ಬಿಡಬೇಕೇ?

ಕೊಡಗು, ಮಲೆನಾಡಿನ ಹಳೆಯ ಮನೆಗಳಲ್ಲಿ ಅಟ್ಟ ಖಾಲಿ ಮಾಡುವಾಗಲೋ ಆಸ್ತಿ ಪಾಲಾಗುವಾಗಲೋ ಕೆಲವೊಮ್ಮೆ ಗದ್ದದ ಮಟ್ಟಕ್ಕೆ ನಿಲ್ಲುವ ಉದ್ದನೆಯ ಕೋವಿಯೊಂದು ಸಿಗುತ್ತದೆ. ಬೇಟೆಯ ಜೋಡಿ ನಳಿಗೆಯದಲ್ಲ. ನಳಿಗೆಗೂ ಮರಕ್ಕೂ ಸೇರಿಸಿ ಎರಡು ಮೂರು ಕಬ್ಬಿಣದ ಪಟ್ಟಿ, ಲಾಕಿನ (ಕೋವಿ ಸಿಡಿಸುವ ಯಂತ್ರದ) ತಗಡಿನ ಮೇಲೆ ಕಿರೀಟದ ಮುದ್ರೆ. ಸೈನ್ಯದ ಕೋವಿ. 1853ರ ಮಾದರಿಯ ಎನ್‌ಫೀಲ್ಡ್ ಕೇಪಿನ (ಪೆಟ್ಟು ಬಿದ್ದಾಗ ಕಿಡಿ ಕೊಡುವ ಪುಟ್ಟ ಲೋಹದ ಟೋಪಿ) ಕೋವಿ ಇರಬಹುದು. ಅದನ್ನೇ 1866ರಿಂದೀಚೆಗೆ ಹಿಂದಿನಿಂದ ತೋಟ (ಕಾರ್ಟ್ರಿಡ್ಜ್) ತುಂಬುವಂತೆ ಬದಲಿಸಿದ ಸ್ನೈಡರ್, 1871ರಲ್ಲಿ ಬಂದ ಮಾರ್ಟಿನಿ-ಹೆನ್ರಿ ಅಥವಾ ಆಮೇಲಿನ ಲೀ-ಎನ್‌ಫೀಲ್ಡ್ ಕೂಡ ಆಗಿರಬಹುದು. ತುಕ್ಕು ಹಿಡಿದಿದೆ, ಮರ ಬಿರಿದಿದೆ, ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ) ಏಳುತ್ತಿಲ್ಲ. ಮನೆಯಲ್ಲಿ ಒಬ್ಬರು "ಹೊಸದರ ಹಾಗೆ ಮಾಡಿಸೋಣ" ಅನ್ನುತ್ತಾರೆ, ಇನ್ನೊಬ್ಬರು "ಗುಜರಿಗೆ ಹಾಕಿ" ಅನ್ನುತ್ತಾರೆ.

ಎರಡೂ ಬೇಡ ಎಂಬುದು ನನ್ನ ಅಭಿಪ್ರಾಯ. ಕೆಡುವುದನ್ನು ನಿಲ್ಲಿಸಿ, ಬೀಳುವಂಥದ್ದಕ್ಕೆ ಆಧಾರ ಕೊಡಿ, ಮಿಕ್ಕದ್ದನ್ನು ಮುಟ್ಟದೆ ಬಿಡಿ. ಹಾಳಾದಂತೆ ಕಾಣುವುದರಲ್ಲಿ ಅರ್ಧದಷ್ಟು ಆ ಕೋವಿಯ ಚರಿತ್ರೆಯೇ ಆಗಿರುತ್ತದೆ. ಅದನ್ನು ಒಮ್ಮೆ ಉಜ್ಜಿ ತೆಗೆದರೆ ಮತ್ತೆ ತರಲು ಬರುವುದಿಲ್ಲ. ಇಲ್ಲಿ ಹೇಳಿರುವುದೆಲ್ಲ ನೋಡಿ ಕಾಪಾಡಲು ಮಾತ್ರ. ಇಂಥ ಕೋವಿಯಿಂದ ಈಡು ಹೊಡೆಯುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ. ಒಳಗೊಳಗೇ ತುಕ್ಕು ತಿಂದ ನಳಿಗೆ ಎಲ್ಲಿ ಒಡೆಯುತ್ತದೆ ಎಂದು ಹೊರಗಿನಿಂದ ನೋಡಿ ಯಾರೂ ಹೇಳಲಾರರು.

ಎಲ್ಲಕ್ಕಿಂತ ಮೊದಲು: ಒಳಗೆ ಈಡು ಇದೆಯೇ?

ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ತುಂಬಿಸಿಯೇ ಗೋಡೆಗೆ ಒರಗಿಸಿಡುವ ರೂಢಿ ಹಿಂದೆ ಇತ್ತು. ಕರಿಮದ್ದು ಅಂದರೆ ಪೆಟ್ಲುಪ್ಪು, ಗಂಧಕ, ಇದ್ದಿಲು. ಒಣಗಿದ್ದರೆ ನೂರು ವರ್ಷ ಕಳೆದರೂ ಅದಕ್ಕೆ ಉರಿಯುವ ಶಕ್ತಿ ಇರುತ್ತದೆ. ಹಾಗಾಗಿ ಯಾವ ಪರೀಕ್ಷೆಯೂ ಇದಕ್ಕಿಂತ ಮುಂಚೆ ಇಲ್ಲ.

ಕೋವಿಯ ಬಾಯಿಯನ್ನು ಯಾರ ಕಡೆಗೂ ತಿರುಗಿಸದೆ ಮರಳಿನ ಮೂಟೆಯ ಕಡೆಗೆ ಇಟ್ಟು ಮಲಗಿಸಿ. ಮುಖ, ಎದೆ, ಕೈ ಯಾವುದೂ ಬಾಯಿಯ ನೇರಕ್ಕೆ ಬರಬಾರದು. ಕುದುರೆಯನ್ನು ಎತ್ತಬೇಡಿ, ಟ್ರಿಗರ್ ಮುಟ್ಟಬೇಡಿ. ಕುದುರೆಯ ಕೆಳಗೆ ಕೇಪು ಕೂತಿರುವಂತೆ ಕಂಡರೆ ಅಲ್ಲಿಗೇ ನಿಲ್ಲಿಸಿ. ಹಳೆಯ ಕೇಪುಗಳಲ್ಲಿರುವ ಪಾದರಸದ ಸ್ಫೋಟಕಕ್ಕೆ ಸಣ್ಣ ಪೆಟ್ಟೇ ಸಾಕು.

ಕೇಪು ಇಲ್ಲದಿದ್ದರೆ ನೇರವಾದ ಮರದ ಕಡ್ಡಿಯೊಂದನ್ನು ಪಕ್ಕದಲ್ಲಿ ನಿಂತು ಬಾಯಿಯಿಂದ ಮೆಲ್ಲನೆ ಒಳಗೆ ಬಿಡಿ. ಕಬ್ಬಿಣದ ಸರಳು ಬೇಡ. ಕಡ್ಡಿ ತಳ ಮುಟ್ಟಿದಾಗ ಬಾಯಿಯ ಅಂಚಿಗೆ ಸರಿಯಾಗಿ ಗುರುತು ಹಾಕಿ ಹೊರತೆಗೆದು, ನಳಿಗೆಯ ಹೊರಮೈಗೆ ಹಿಡಿದು ನೋಡಿ. 1853ರ ಎನ್‌ಫೀಲ್ಡ್ ಆದರೆ ನಳಿಗೆ 39 ಇಂಚು, ಅಂದರೆ ಸುಮಾರು 99 ಸೆಂಟಿಮೀಟರ್. ಕಡ್ಡಿಯ ತುದಿ ಹೆಚ್ಚುಕಮ್ಮಿ ಕೇಪು ಕೂರುವ ಮೊಳೆಯ ಹತ್ತಿರ ಬಂದರೆ ಖಾಲಿ. ಅದಕ್ಕಿಂತ ಎರಡು ಮೂರು ಬೆರಳು ಮೊದಲೇ ನಿಂತರೆ ಒಳಗೆ ಏನೋ ಇದೆ. ಕಣಜ ಕಟ್ಟಿದ ಮಣ್ಣಿನ ಗೂಡೂ ಇರಬಹುದು, ಗುಂಡು ಮದ್ದೂ ಇರಬಹುದು. ಗೂಡೇ ಇರಬೇಕು ಎಂದು ಊಹಿಸಿ ಕುಟ್ಟಬೇಡಿ.

ಸ್ನೈಡರ್, ಮಾರ್ಟಿನಿ, ಲೀ-ಎನ್‌ಫೀಲ್ಡ್‌ಗಳಲ್ಲಿ ಹಿಂಭಾಗ ತೆರೆದು ನೋಡಬಹುದು: ಸ್ನೈಡರ್‌ನ ಮುಚ್ಚಳ ಬಲಕ್ಕೆ ಮಗುಚುತ್ತದೆ, ಮಾರ್ಟಿನಿಯ ಕೆಳಗಿನ ಹಿಡಿಕೆ ತಗ್ಗಿಸಿದರೆ ಹಿಂಭಾಗ ತೆರೆಯುತ್ತದೆ, ಲೀ-ಎನ್‌ಫೀಲ್ಡ್‌ನ ಬೋಲ್ಟ್ ಎತ್ತಿ ಹಿಂದಕ್ಕೆ ಎಳೆಯಬೇಕು. ತುಕ್ಕು ಹಿಡಿದು ಜಗ್ಗದಿದ್ದರೆ ತುಂಬಿದೆ ಎಂದೇ ತಿಳಿಯಿರಿ.

ಇಲ್ಲಿ ನಿಲ್ಲಿಸಿ: ತುಂಬಿದೆ ಎಂಬ ಅನುಮಾನ ಬಂದರೆ ಕಾಯಿಸುವುದು, ಡ್ರಿಲ್ ಹಾಕುವುದು, ಗಾಳಿ ಹೊಡೆಯುವುದು ಯಾವುದನ್ನೂ ಮಾಡಬೇಡಿ. ಬಸ್ಸಿನಲ್ಲೋ ಕಾರಿನ ಡಿಕ್ಕಿಯಲ್ಲೋ ಹಾಕಿಕೊಂಡು ಠಾಣೆಗೆ ಹೊರಡಲೂ ಬೇಡಿ. ಇದ್ದಲ್ಲೇ ಬಿಟ್ಟು, ಮಕ್ಕಳನ್ನು ದೂರ ಕಳಿಸಿ, ಠಾಣೆಗೆ ಫೋನ್ ಮಾಡಿ ಇರುವ ವಿಷಯ ಹೇಳಿ. ಜೊತೆಗೆ ಹಳೆಯ ತೋಟಗಳು, ಕೇಪಿನ ಡಬ್ಬಿ, ಮದ್ದಿನ ಕೊಂಬು ಸಿಕ್ಕಿದ್ದರೆ ಅವಕ್ಕೂ ಇದೇ ಮಾತು.

"ಕಾಗದಪತ್ರ ಇಲ್ಲ, ಅಥವಾ ಅಜ್ಜನ ಹೆಸರಿನಲ್ಲಿದೆ"

ಇದೂ ಒಂದು ದೋಷವೇ. ತುಕ್ಕಿಗಿಂತ ಮೊದಲು ಸರಿಪಡಿಸಬೇಕಾದದ್ದು ಇದನ್ನು.

1959ರ ಆಯುಧ ಕಾಯ್ದೆಯ 45ನೇ ಕಲಮಿನಲ್ಲಿ ಒಂದು ವಿನಾಯಿತಿ ಇದೆ. ಹಳೆಯ ಮಾದರಿಯ, ಪ್ರಾಚೀನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧವು ರಿಪೇರಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಕೆಗೆ ಬಾರದಂತಿದ್ದರೆ ಅದಕ್ಕೆ ಕಾಯ್ದೆ ಅನ್ವಯಿಸುವುದಿಲ್ಲ. "ರಿಪೇರಿ ಮಾಡಿದರೂ" ಎಂಬುದನ್ನು ಎರಡು ಸಲ ಓದಿ. ಇವತ್ತು ಓಡುತ್ತಿಲ್ಲ ಎಂದಷ್ಟೇ ಆದರೆ ಸಾಲದು. ಸ್ಪ್ರಿಂಗ್ ಹಾಕಿಸಿದರೆ ಓಡುವಂಥದ್ದು ಈ ವಿನಾಯಿತಿಯೊಳಗೆ ಬರುವುದಿಲ್ಲ. ಹೀಗಾಗಿ "ಹಳೇದು ತಾನೇ, ಲೈಸೆನ್ಸ್ ಯಾಕೆ" ಎಂಬ ಮಾತನ್ನು ನಂಬಬೇಡಿ. ಕೋವಿ ಯಾವ ಗುಂಪಿಗೆ ಸೇರಿದ್ದು ಎಂಬ ತೀರ್ಮಾನ ಅಧಿಕಾರಿಗಳದ್ದು. ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ ಕಚೇರಿ, ಬೆಂಗಳೂರಿನಂಥ ಕಡೆ ಪೊಲೀಸ್ ಕಮಿಷನರ್ ಕಚೇರಿ. ಲಿಖಿತವಾಗಿ ಕೇಳಿ, ಲಿಖಿತವಾಗಿಯೇ ಉತ್ತರ ಪಡೆಯಿರಿ.

ಲೈಸೆನ್ಸ್ ಇದ್ದವರು ತೀರಿಕೊಂಡಿದ್ದರೆ ಕೋವಿಯನ್ನು ತಡಮಾಡದೆ ಹತ್ತಿರದ ಠಾಣೆಯಲ್ಲೋ ಪರವಾನಗಿ ಇರುವ ಆಯುಧ ವ್ಯಾಪಾರಿಯಲ್ಲೋ ಠೇವಣಿ ಇಡಬೇಕು. 21ನೇ ಕಲಮು ಹೇಳುವುದು ಅದನ್ನೇ. ಚುನಾವಣೆ ಬಂದಾಗ ಕೋವಿ ಠೇವಣಿ ಇಟ್ಟು ಅಭ್ಯಾಸ ಇರುವ ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಠೇವಣಿ ಇಟ್ಟ ಮೇಲೆ ವಾರಸುದಾರರು ಅರ್ಜಿ ಹಾಕಬಹುದು. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು, ಪಿತ್ರಾರ್ಜಿತವೂ ಆ ಲೆಕ್ಕದಲ್ಲೇ ಬರುತ್ತದೆ ಎಂಬುದು ನೆನಪಿರಲಿ.

ಕೊಡವರಿಗೂ ಕೊಡಗಿನ ಜಮ್ಮಾ (ಪಿತ್ರಾರ್ಜಿತ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಲಾಗಿದೆ, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಅದು ಕೋವಿ ಇಟ್ಟುಕೊಳ್ಳಲು, ಒಯ್ಯಲು ಸಂಬಂಧಿಸಿದ ವಿನಾಯಿತಿ. ಬಂದೂಕು ರಿಪೇರಿಯ ಪರವಾನಗಿ ಬೇರೆಯೇ ಕಲಮಿನದು. ಊರಿನ ವೆಲ್ಡಿಂಗ್ ಶಾಪಿಗೋ ಲೇತ್ ಅಂಗಡಿಗೋ ಕೋವಿ ಕೊಟ್ಟರೆ ಕೊಟ್ಟವರೂ ಮಾಡಿದವರೂ ತೊಂದರೆಗೆ ಸಿಕ್ಕುತ್ತಾರೆ.

ಕೋವಿಗೆ ನೂರು ವರ್ಷ ದಾಟಿದ್ದರೆ 1972ರ ಪ್ರಾಚೀನ ವಸ್ತುಗಳ ಕಾಯ್ದೆಯೂ ಬರುತ್ತದೆ. ಅಮೆರಿಕದಲ್ಲಿರುವ ಮಗನ ಮನೆಯ ಗೋಡೆಗೆ ಕಳಿಸಿಕೊಡೋಣ ಎಂಬ ಯೋಚನೆ ಇದ್ದರೆ ಕೈಬಿಡಿ, ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ.

"ಮುಟ್ಟಿದರೆ ಕೈಗೆ ಕೆಂಪು ಹತ್ತುತ್ತದೆ"

ತುಕ್ಕಿನಲ್ಲಿ ಎರಡು ಬಗೆ. ಒಂದು ಇನ್ನೂ ತಿನ್ನುತ್ತಿರುವುದು, ಇನ್ನೊಂದು ತಿಂದು ಮುಗಿಸಿ ಸುಮ್ಮನಾದದ್ದು. ಎರಡನೆಯದು ಕಂದು ಅಥವಾ ಕಪ್ಪು ಬಣ್ಣದ್ದು, ಗಟ್ಟಿ, ನಯ. ಅದು ಕಬ್ಬಿಣಕ್ಕೆ ಹೊದಿಕೆಯಂತೆ ಕೂತಿರುತ್ತದೆ, ಅದನ್ನು ತೆಗೆದರೆ ಅಡಿಯ ಕಬ್ಬಿಣ ಮತ್ತೆ ಹೊಸದಾಗಿ ತುಕ್ಕು ಹಿಡಿಯತೊಡಗುತ್ತದೆ.

ಪರೀಕ್ಷೆಗೆ ಖರ್ಚಿಲ್ಲ. ಹತ್ತಿಗೆ ಒಂದೆರಡು ಹನಿ ಹೊಲಿಗೆ ಯಂತ್ರದ ಎಣ್ಣೆ ಹಾಕಿ ಮೂಲೆಯಲ್ಲೊಂದು ಕಡೆ ಒರೆಸಿ. ಹತ್ತಿಗೆ ತೆಳುವಾಗಿ ಕಂದು ಹತ್ತಿ ಮೇಲ್ಮೈ ಕಪ್ಪಾಗಿ ಹೊಳೆದರೆ ಒಳ್ಳೆಯ ಸೂಚನೆ. ಇಟ್ಟಿಗೆ ಪುಡಿಯಂಥ ಕಿತ್ತಳೆ ಬಣ್ಣ ಮತ್ತೆ ಮತ್ತೆ ಬಂದರೆ ತುಕ್ಕು ಜೀವಂತವಾಗಿದೆ. ಆ ಜಾಗದ ಫೋಟೋ ತೆಗೆದು, ಒಣ ಕೋಣೆಯಲ್ಲಿಟ್ಟು, ಒಂದು ತಿಂಗಳು ಬಿಟ್ಟು ಮತ್ತೆ ನೋಡಿ. ಮಳೆಗಾಲದಲ್ಲಿ ಈ ಪರೀಕ್ಷೆ ಇನ್ನೂ ಚೆನ್ನಾಗಿ ಹೇಳುತ್ತದೆ.

ಜೀವಂತ ತುಕ್ಕಿಗೆ ಮೊದಲ ಮದ್ದು ಎಣ್ಣೆ ಮತ್ತು ತಾಳ್ಮೆ. ತೆಳುವಾದ ಎಣ್ಣೆ ಹಚ್ಚಿ ಒಂದು ದಿನ ಬಿಟ್ಟು, ಹಿತ್ತಾಳೆಯ ತುಂಡಿನ ಮೊಂಡು ಅಂಚಿನಿಂದಲೋ ಬಿದಿರಿನ ಚಕ್ಕೆಯಿಂದಲೋ ಮೆಲ್ಲನೆ ಕೆರೆಯಿರಿ. ಹಿತ್ತಾಳೆ ಕಬ್ಬಿಣಕ್ಕಿಂತ ಮೆದು, ಹಾಗಾಗಿ ತುಕ್ಕಿನ ಹೊಪ್ಪಳೆ ಏಳುತ್ತದೆ, ಲೋಹಕ್ಕೆ ಗೀರು ಬೀಳುವುದಿಲ್ಲ. ಎಣ್ಣೆ ಮರಕ್ಕೆ ಇಳಿಯದಂತೆ ನೋಡಿಕೊಳ್ಳಿ, ಮರ ಎಣ್ಣೆ ಕುಡಿದರೆ ಕಪ್ಪಾಗಿ ಮೆತ್ತಗಾಗುತ್ತದೆ. ಕೊಬ್ಬರಿ ಎಣ್ಣೆ ಬೇಡ. ಅದು ಕಮಟಾಗುತ್ತಾ ಹುಳಿಯಾಗಿ ಲೋಹವನ್ನೇ ಕಚ್ಚುತ್ತದೆ.

ಎಮೆರಿ ಪೇಪರ್, ಡ್ರಿಲ್ಲಿಗೆ ಹಾಕುವ ತಂತಿ ಬ್ರಷ್, ಅಂಗಡಿಯ ಆಮ್ಲದ ತುಕ್ಕುನಿವಾರಕ, ಹುಣಸೆಹಣ್ಣು ಇವು ಯಾವುವೂ ಕೋವಿಯ ಹತ್ತಿರ ಬರಬಾರದು. ಆಮ್ಲ ತುಕ್ಕನ್ನು ತಿನ್ನುವಾಗ ಒಳ್ಳೆಯ ಕಂದು ಪದರವನ್ನೂ ತಿಂದು ಸತ್ತ ಬೂದು ಬಣ್ಣ ಬಿಡುತ್ತದೆ. ಎಮೆರಿ ಹಾಕಿದರೆ ಮೊದಲು ಹೋಗುವುದು ಮುದ್ರೆಗಳು. ಕಿರೀಟ, ಇಸವಿ, ಪರೀಕ್ಷೆಯ ಗುರುತು ಎಲ್ಲವೂ ಕಾಗದದಷ್ಟು ಆಳದಲ್ಲೇ ಇರುತ್ತವೆ. ತುಕ್ಕು ಕೊರೆದ ಗುಂಡಿಗಳನ್ನು ಮುಚ್ಚಲು ಬರುವುದಿಲ್ಲ. ಗುಂಡಿ ಕಾಣದಂತೆ ಮಾಡಬೇಕಾದರೆ ಸುತ್ತಲಿನ ಲೋಹವನ್ನೆಲ್ಲ ಅದೇ ಆಳಕ್ಕೆ ಇಳಿಸಬೇಕು. ಅದು ಬೇರೆ ಕೋವಿಯೇ ಆಗಿಬಿಡುತ್ತದೆ.

ನಳಿಗೆಯ ಒಳಗಿನ ಮತ್ತು ಕೇಪಿನ ಮೊಳೆಯ ಸುತ್ತಲಿನ ತುಕ್ಕು ಹೆಚ್ಚು ಹಟಮಾರಿ. ಕರಿಮದ್ದಿನ ಮಸಿ, ಕೇಪಿನ ಉಪ್ಪು ಎರಡೂ ಗಾಳಿಯ ತೇವ ಎಳೆದುಕೊಳ್ಳುತ್ತವೆ. ಅಲ್ಲಿ ಆಳವಾದ ಹೊಂಡಗಳು ಕಂಡರೆ ಈ ಕೋವಿ ಕೆಲಸ ಮಾಡಿದೆ, ಉಪಯೋಗದಲ್ಲಿತ್ತು ಎಂದು ಅರ್ಥ.

"ಒರೆಸಿದರೂ ಮರುದಿನ ಬೆವರಿನ ಹನಿ"

ಕಬ್ಬಿಣದ ಮೇಲೆ ಕಂದು ಅಥವಾ ಹಳದಿ ಬಣ್ಣದ ಸಣ್ಣ ಹನಿಗಳು, ಒಣಗಿದರೆ ಪೊಳ್ಳಾದ ಗುಳ್ಳೆಗಳು. ಇದು ಸಾದಾ ತುಕ್ಕಲ್ಲ. ಲೋಹದೊಳಗೆ ಉಪ್ಪು ಸೇರಿದೆ. ಕರಾವಳಿಯಲ್ಲಿ ವರ್ಷಗಟ್ಟಲೆ ಇದ್ದ, ಬಾವಿಗೋ ಮಣ್ಣಿಗೋ ಬಿದ್ದಿದ್ದ ಆಯುಧಗಳಲ್ಲಿ ಹೀಗಾಗುತ್ತದೆ. ಎಣ್ಣೆ ಹಚ್ಚಿದರೆ ಮೇಲೆ ಮುಚ್ಚಿಕೊಂಡು ಒಳಗೊಳಗೇ ತಿನ್ನುತ್ತದೆ, ಕೊನೆಗೆ ಪದರ ಪದರವಾಗಿ ಎದ್ದು ಬರುತ್ತದೆ.

ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ತುಂಬಿಲ್ಲ ಎಂದು ಖಾತ್ರಿಯಾದ ಮೇಲೆ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಪೆಟ್ಟಿಗೆಯಲ್ಲಿಟ್ಟು ಲೋಹ ಸಂರಕ್ಷಕರಿಗೆ ತೋರಿಸಿ. ಮೈಸೂರಿನಲ್ಲಿ ಸಾಂಸ್ಕೃತಿಕ ಆಸ್ತಿ ಸಂರಕ್ಷಣೆಯ ರಾಷ್ಟ್ರೀಯ ಪ್ರಯೋಗಾಲಯದ ಪ್ರಾದೇಶಿಕ ಶಾಖೆ ಇದೆ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಇಂಟ್ಯಾಕ್ ಎಂಬ ಪರಂಪರೆ ಉಳಿಸುವ ಸಂಸ್ಥೆಯ ಸಂರಕ್ಷಣಾ ಕೇಂದ್ರ ಇದೆ. ನೇರವಾಗಿ ಕೋವಿ ಹೊತ್ತುಕೊಂಡು ಹೋಗದೆ ಮೊದಲು ಫೋಟೋ ಕಳಿಸಿ ಸಲಹೆ ಕೇಳಿ. ನೆಲದಿಂದ ಬಂದದ್ದಾದರೆ ವಿಷಯ ಇನ್ನೂ ದೊಡ್ಡದು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಪಾಳುಬಾವಿಯೊಂದರಲ್ಲಿ ಹೈದರ್–ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಸಿಕ್ಕವು. ಅಂಥದ್ದು ಯಾರದೋ ಕೈಗೆ ಮೊದಲು ಸಿಕ್ಕು, ತೊಳೆದು ಉಜ್ಜಿ ಗುಜರಿ ಸೇರಿದ್ದರೆ ಏನನ್ನು ಕಳೆದುಕೊಳ್ಳುತ್ತಿದ್ದೆವು ಎಂದು ಯೋಚಿಸಿದರೆ ಎದೆ ಝಲ್ಲೆನ್ನುತ್ತದೆ.

"ಹಿತ್ತಾಳೆ ಹಸಿರಾಗಿದೆ, ಮೈಯೆಲ್ಲ ಕಪ್ಪು ಜಿಡ್ಡು"

ಇದು ಸುಲಭ. ಎನ್‌ಫೀಲ್ಡ್‌ನ ಹಿಂತುದಿಯ ತಗಡು, ಟ್ರಿಗರಿನ ಕಾವಲು ಬಳೆ, ಮುಂತುದಿಯ ಟೋಪಿ ಹಿತ್ತಾಳೆಯವು. ಹಸಿರು ಕಿಲುಬನ್ನು ಬಿದಿರಿನ ಕಡ್ಡಿಯಿಂದ ಎಬ್ಬಿಸಿ ಬಟ್ಟೆಯಿಂದ ಒರೆಸಿ. ದೇವರ ದೀಪದಂತೆ ತಿಕ್ಕಬೇಡಿ. ಹಿಂತುದಿಯ ತಗಡಿನಲ್ಲಿ ಪಡೆಯ ಹೆಸರು, ಕೋವಿಯ ಸಂಖ್ಯೆ ಇರುವುದುಂಟು.

ಗಟ್ಟಿಯಾದ ಜಿಡ್ಡು ನಿಮ್ಮ ಸ್ನೇಹಿತ, ಅದರ ಅಡಿಯ ಲೋಹ ಬಹುಪಾಲು ಚೆನ್ನಾಗಿಯೇ ಇರುತ್ತದೆ. ಟರ್ಪೆಂಟೈನ್ ಹಚ್ಚಿದ ಬಟ್ಟೆಯಿಂದ ಅಂಗೈಯಗಲ ಜಾಗ ಮಾಡುತ್ತಾ ಹೋಗಿ. ಕೈಗವಸು ಹಾಕಿ, ಕಿಟಕಿ ತೆರೆದಿರಲಿ. ಹಳೆಯ ಮಸಿಯಲ್ಲಿ ಸೀಸ ಇರುತ್ತದೆ.

"ಮರ ಸೀಳಿದೆ", "ಅಡಿಯಲ್ಲಿ ಹುಡಿ ಬೀಳುತ್ತಿದೆ"

ಸೀಳಿನ ಒಳಗೆ ಟಾರ್ಚ್ ಬಿಟ್ಟು ನೋಡಿ. ಒಳಭಾಗ ಕಪ್ಪಾಗಿ ಜಿಡ್ಡು ತುಂಬಿದ್ದರೆ ಹಳೆಯ ಸೀಳು, ತನ್ನ ಪಾಡಿಗೆ ತಾನಿದೆ. ಒಳಗೆ ತಿಳಿ ಬಣ್ಣದ ಮರ ಕಂಡರೆ ಹೊಸತು, ಬೆಳೆಯುತ್ತಿದೆ. ಕೈಹಿಡಿಯುವ ಸಣ್ಣ ಭಾಗದಲ್ಲಿ, ಲಾಕಿನ ಸ್ಕ್ರೂಗಳ ಸುತ್ತ, ನಳಿಗೆಯ ಬಾಲ ಕೂರುವ ಜಾಗದ ಹಿಂದೆ ಸೀಳುವುದು ಸಾಮಾನ್ಯ. ಕೇಪಿನ ಮೊಳೆಯ ಪಕ್ಕದಲ್ಲಿ ಮರ ಸುಟ್ಟು ತಿಂದಂತಿದ್ದರೆ ಅದು ಕೇಪಿನ ಕಿಡಿಯ ಕೆಲಸ. ಅದನ್ನು ಮರದ ತುಂಡಿನಿಂದ ಮುಚ್ಚುವವರಿದ್ದಾರೆ, ನಾನಾದರೆ ಮುಚ್ಚುವುದಿಲ್ಲ.

ಸೀಳು ಅಗಲವಾಗುತ್ತಿದ್ದರೆ ಆಧಾರ ಬೇಕು. ಬಡಗಿಯ ಹಳೆಯ ಸರೇಸು, ಅಂದರೆ ಚರ್ಮದಿಂದ ತೆಗೆದ ಅಂಟು, ಬಿಸಿನೀರಿನ ತೇವಕ್ಕೆ ಮತ್ತೆ ಬಿಡುತ್ತದೆ; ಮುಂದೆ ಯಾರಾದರೂ ಚೆನ್ನಾಗಿ ಮಾಡಲು ದಾರಿ ಇರುತ್ತದೆ. ಎರಡು ಟ್ಯೂಬ್ ಕಲಸುವ ಎಪಾಕ್ಸಿ ಅಂಟು ಹಾಕಿದರೆ ಆ ದಾರಿ ಮುಚ್ಚಿದಂತೆ. ಹಿಂದಿನವರು ಹಿತ್ತಾಳೆ ಮೊಳೆಯೋ ಚರ್ಮದ ಪಟ್ಟಿಯೋ ಹಾಕಿ ಕಟ್ಟಿದ್ದರೆ ಬಿಚ್ಚಬೇಡಿ. ಅದೂ ಕೋವಿಯ ಬದುಕಿನ ಭಾಗ.

ಮರಕ್ಕೆ ಉಪ್ಪುಕಾಗದ ಹಾಕುವುದು ನಾನು ಕಂಡ ಹಾನಿಗಳಲ್ಲೇ ದೊಡ್ಡದು. ಎನ್‌ಫೀಲ್ಡ್‌ನ ಅಕ್ರೋಟ್ ಮರದ ಬಲಬದಿಯಲ್ಲಿ ದುಂಡನೆಯ ಮುದ್ರೆ ಇರುತ್ತದೆ, ಯಾವ ಉಗ್ರಾಣದಿಂದ ಹೊರಟಿತು ಎಂಬುದನ್ನು ಅದರಿಂದ ತಿಳಿಯಬಹುದು. ಹತ್ತು ನಿಮಿಷ ಉಜ್ಜಿದರೆ ಅದು ಇರುವುದಿಲ್ಲ. ಹೊಳಪಿಗೆ ಅಗಸೆ ಎಣ್ಣೆ ಬಳಿಯುವವರಿಗೆ ಇನ್ನೊಂದು ಎಚ್ಚರಿಕೆ: ಆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿಯೇ ಕಾದು ಹೊತ್ತಿಕೊಳ್ಳಬಹುದು. ನೀರಿನಲ್ಲಿ ನೆನೆಸಿ, ಹೊರಗೆ ಹರಡಿ ಒಣಗಿಸಿ.

ಹುಡಿಗೆ ಬಂದರೆ, ಕೋವಿಯನ್ನು ಕಪ್ಪು ಕಾಗದದ ಮೇಲೆ ಮಲಗಿಸಿ ಎರಡು ಮೂರು ವಾರ ಬಿಡಿ. ಹೊಸದಾಗಿ ತಿಳಿ ಬಣ್ಣದ ಹುಡಿ ಬಿದ್ದಿದ್ದರೆ ಕುಟ್ಟೆಹುಳು ಒಳಗೆ ಬದುಕಿದೆ. ಪಾಲಿಥೀನ್ ಚೀಲದಲ್ಲಿ ಸುತ್ತಿ ಮನೆಯ ಬೇರೆ ಮರಸಾಮಾನಿನಿಂದ ದೂರವಿಟ್ಟು ತಿಳಿದವರನ್ನು ಕೇಳಿ. ಗೆದ್ದಲಿನ ಔಷಧಿ ಸಿಂಪಡಿಸಬೇಡಿ, ಅದರ ನೀರು ಲೋಹಕ್ಕೂ ಮರಕ್ಕೂ ನಡುವೆ ಇಳಿದು ಕೂರುತ್ತದೆ. ಹುಡಿ ಬೀಳದಿದ್ದರೆ ತೂತು ಹಳೆಯದು, ಚಿಂತೆ ಇಲ್ಲ.

"ಕುದುರೆ ನಿಲ್ಲುತ್ತಿಲ್ಲ", "ಸ್ಕ್ರೂ ಜಗ್ಗುತ್ತಿಲ್ಲ"

ಖಾಲಿ ಎಂದು ಖಾತ್ರಿಯಾದ ಕೋವಿಯಲ್ಲಿ ಹೆಬ್ಬೆರಳಿನಿಂದ ಕುದುರೆಯನ್ನು ಮೆಲ್ಲನೆ ಎತ್ತಿ, ಕೈಬಿಡದೆ ಇಳಿಸಿ ನೋಡಬಹುದು. ತಡೆಯೇ ಇಲ್ಲದೆ ಸಡಿಲವಾಗಿ ಆಡಿದರೆ ಒಳಗಿನ ದೊಡ್ಡ ಸ್ಪ್ರಿಂಗ್ ಮುರಿದಿದೆ. ಅರ್ಧಕ್ಕೆ ಎತ್ತಿದಾಗ ನಿಲ್ಲದೆ ಜಾರಿದರೆ ಕಚ್ಚು ಸವೆದಿದೆ. ಸ್ವಲ್ಪವೂ ಅಲ್ಲಾಡದಿದ್ದರೆ ತುಕ್ಕು ಬೆಸೆದಿದೆ. ಕುದುರೆಯನ್ನು ಟಪ್ ಎಂದು ಬೀಳಿಸಿ ಆಡಬೇಡಿ, ಕೇಪಿನ ಮೊಳೆ ಚಪ್ಪಟೆಯಾಗುತ್ತದೆ.

ಈ ಮೂರರಲ್ಲಿ ಯಾವುದನ್ನೂ ಸರಿಪಡಿಸಬೇಕಿಲ್ಲ. ಗೋಡೆಯ ಮೇಲೆ, ಪೆಟ್ಟಿಗೆಯೊಳಗೆ ಇರುವ ಕೋವಿಗೆ ಓಡುವ ಲಾಕ್ ಯಾಕೆ? ಮೇಲೆ ಹೇಳಿದ ಕಾನೂನಿನ ಲೆಕ್ಕದಲ್ಲಿ ನೋಡಿದರೂ ಮುರಿದ ಸ್ಪ್ರಿಂಗಿಗೆ ಹೊಸದು ಹಾಕಿಸುವುದು ತೊಂದರೆಯನ್ನು ದುಡ್ಡು ಕೊಟ್ಟು ತಂದಂತೆ. ಮುರಿದ ತುಂಡು ಸಿಕ್ಕಿದ್ದರೆ ಬಿಸಾಡಬೇಡಿ, ಚೀಟಿ ಕಟ್ಟಿ ಜೊತೆಗಿಡಿ. ಲಾಕ್ ಬಿಚ್ಚಲು ಹೋಗಬೇಡಿ. ಒತ್ತಡದಲ್ಲಿರುವ ಆ ಮಡಿಚಿದ ಸ್ಪ್ರಿಂಗ್ ಸಿಡಿದರೆ ಬೆರಳು, ಕಣ್ಣು ಉಳಿಯುವುದಿಲ್ಲ.

ಸ್ಕ್ರೂ ವಿಷಯಕ್ಕೆ ನನ್ನ ಸಲಹೆ ಇನ್ನೂ ಚಿಕ್ಕದು. ಬಿಚ್ಚುವ ಅಗತ್ಯವೇ ಇಲ್ಲದಿದ್ದರೆ ಬಿಚ್ಚಬೇಡಿ. ತಲೆ ಕೆಡದ ಸ್ಕ್ರೂ ಇದ್ದರೆ ಈ ಕೋವಿಯನ್ನು ಯಾರೂ ಕೆದಕಿಲ್ಲ ಎಂದು ಅರ್ಥ.

"ನಳಿಗೆಯೊಳಗೆ ಗೆರೆಯೇ ಇಲ್ಲ", "ತೂತು ಕೊರೆದಿದ್ದಾರೆ", "ತಂತಿ ಸುತ್ತಿದ್ದಾರೆ"

ಇಲ್ಲಿ ಹೆಚ್ಚು ಜನ ದಾರಿ ತಪ್ಪುತ್ತಾರೆ. ಇವು ಮೂರೂ ಹಾನಿಯಂತೆ ಕಾಣುತ್ತವೆ, ಆದರೆ ಹಾನಿಯಲ್ಲ.

1853ರ ಎನ್‌ಫೀಲ್ಡ್ ರೈಫಲ್. ಅಂದರೆ ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಮೂರು ಸುರುಳಿ ಗೆರೆಗಳು ಇರುತ್ತವೆ. ಇದೇ ಕೋವಿಯ ಜಿಡ್ಡು ಬಳಿದ ತೋಟದ ಸುದ್ದಿ 1857ರಲ್ಲಿ ಸಿಪಾಯಿಗಳನ್ನು ಕೆರಳಿಸಿತು. ದಂಗೆ ಅಡಗಿದ ಮೇಲೆ ಬ್ರಿಟಿಷರು ಮಾಡಿದ ಮೊದಲ ಎಚ್ಚರಿಕೆಗಳಲ್ಲಿ ಒಂದು, ಭಾರತೀಯ ಸಿಪಾಯಿಗಳ ಕೈಗೆ ಗೆರೆ ಇಲ್ಲದ ನುಣುಪು ನಳಿಗೆಯ ಕೋವಿ ಕೊಟ್ಟದ್ದು. ಅದೇ 1858ರ ಮಾದರಿ. ಹೊರಗಿನಿಂದ ಎನ್‌ಫೀಲ್ಡ್‌ನಂತೆಯೇ ಕಾಣುತ್ತದೆ, ಆದರೆ ದೂರಕ್ಕೆ ನೇರ ಹೊಡೆಯದು. ಅಪನಂಬಿಕೆಯನ್ನು ಕಬ್ಬಿಣದಲ್ಲೇ ಕೊರೆದಿಟ್ಟ ಆಯುಧ ಅದು.

ಗುರುತಿಸಲು ವರ್ನಿಯರ್ (ಒಳವ್ಯಾಸ ಅಳೆಯುವ ಸಾಧನ) ಸಾಕು. ಬಾಯಿಯ ಒಳವ್ಯಾಸ 0.577 ಇಂಚು, ಅಂದರೆ 14.7 ಮಿಲಿಮೀಟರಿನ ಆಸುಪಾಸು ಇದ್ದರೆ ಮೂಲ ರೈಫಲ್. 0.656 ಇಂಚು, ಸುಮಾರು 16.7 ಮಿಲಿಮೀಟರ್ ಇದ್ದರೆ ಅದು 1858ರ ನುಣುಪು ನಳಿಗೆ. ಹಿಂದಿನ ಗುರಿಪಟ್ಟಿ ಎತ್ತಿ ಇಳಿಸುವಂಥದ್ದಾಗಿರದೆ ಬರೀ ಒಂದು ಗಟ್ಟಿ ತುಂಡಾಗಿದ್ದರೂ ಅದೇ ಸೂಚನೆ. "ಸವೆದಿದೆ, ಲೇತಿನಲ್ಲಿ ಗೆರೆ ಹಾಕಿಸೋಣ" ಎಂದು ಹೊರಟರೆ ಅಪರೂಪದ್ದನ್ನು ಕೊಂದು ಸಾಮಾನ್ಯದ್ದರ ನಕಲು ಮಾಡಿದಂತಾಗುತ್ತದೆ.

ತೂತಿನ ವಿಷಯ ಲೀ-ಎನ್‌ಫೀಲ್ಡ್‌ನದು. ತೋಟ ಕೂರುವ ಜಾಗದಲ್ಲಿ ಅಡ್ಡ ತೂತು, ಮೈಮೇಲೆ ಡಿ.ಪಿ. (ಡ್ರಿಲ್ ಪರ್ಪಸ್) ಎಂಬ ಅಕ್ಷರ ಇದ್ದರೆ ಅದು ಕವಾಯತಿಗಾಗಿ ಬೇಕೆಂದೇ ನಿಷ್ಕ್ರಿಯ ಮಾಡಿದ ಕೋವಿ. ಆ ತೂತನ್ನು ವೆಲ್ಡಿಂಗ್ ಮಾಡಿ ಮುಚ್ಚುವುದು ಅಪರಾಧವೂ ಹೌದು, ಪ್ರಾಣಾಪಾಯವೂ ಹೌದು. ಲೀ-ಎನ್‌ಫೀಲ್ಡ್‌ನಂಥ 303 ಗುಂಡಿನ ರೈಫಲ್ ನಿಷೇಧಿತ ಬೋರಿನ (ನಳಿಗೆಯ ಒಳ ಅಳತೆಯ) ಸಾಲಿನದು ಎಂಬುದನ್ನೂ ಮರೆಯಬೇಡಿ.

ಮುಂಭಾಗದ ಮರಕ್ಕೆ ಒತ್ತೊತ್ತಾಗಿ ತಾಮ್ರದ ತಂತಿ ಸುತ್ತಿ ಬೆಸುಗೆ ಹಾಕಿದ ಲೀ-ಎನ್‌ಫೀಲ್ಡ್ ಕಂಡರೆ ಊರಿನ ಯಾರೋ ಮಾಡಿದ ರಿಪೇರಿ ಎಂದುಕೊಳ್ಳಬೇಡಿ. ನಳಿಗೆಯ ತುದಿಯಿಂದ ಗ್ರೆನೇಡ್ ಎಸೆಯುವ ಕೆಲಸಕ್ಕೆ ಸೈನ್ಯವೇ ಹಾಗೆ ಬಿಗಿಸಿತ್ತು. ಇಶಾಪುರ ಕಾರ್ಖಾನೆಯ ರೈಫಲ್‌ಗಳಲ್ಲಿ ಮರಕ್ಕೆ ಅಡ್ಡಲಾಗಿ ಹಾಕಿದ ಸ್ಕ್ರೂ ಕೂಡ ಸೈನ್ಯದ ಬಲವರ್ಧನೆಯೇ.

"ಗುರುತುಗಳು ಕೂಡುತ್ತಿಲ್ಲ"

ಭೂತಗನ್ನಡಿ ಹಿಡಿದು ಕುಳಿತುಕೊಳ್ಳಿ. ಕಿರೀಟದ ಕೆಳಗೆ ವಿ.ಆರ್. ಎಂದಿದ್ದರೆ ವಿಕ್ಟೋರಿಯಾ ರಾಣಿ. ಆಕೆ ತೀರಿಕೊಂಡದ್ದು 1901ರಲ್ಲಿ. ವಿ.ಆರ್. ಜೊತೆ 1905 ಎಂದಿದ್ದರೆ ಯಾರೋ ಕಟ್ಟಿದ ನಕಲು. ಹಿಂಗಾಲಲ್ಲಿ ನಿಂತ ಸಿಂಹ ಈಸ್ಟ್ ಇಂಡಿಯಾ ಕಂಪನಿಯದು. ಕಂಪನಿ ಆಡಳಿತ 1858ಕ್ಕೆ ಮುಗಿಯಿತು. ಅಕ್ಷರ ತಿರುಗುಮುರುಗಾಗಿದ್ದರೆ, ಕಾಗುಣಿತ ತಪ್ಪಿದ್ದರೆ ಖೈಬರ್ ಕಡೆಯ ದರ್ರಾ ಆದಂ ಖೇಲ್‌ನಂಥ ಊರಿನ ಕೈಕೆಲಸ ಇರಬಹುದು. ಅದಕ್ಕೂ ತನ್ನದೇ ಚರಿತ್ರೆ ಇದೆ, ಆದರೆ ಅದರ ಲೋಹದ ಮೇಲೆ ಎಳ್ಳಷ್ಟೂ ಭರವಸೆ ಇಡುವಂತಿಲ್ಲ. ಮೈಯೆಲ್ಲ ಒಂದೇ ಸಮನಾದ ತುಕ್ಕಿನ ಚುಕ್ಕೆ, ಬೀಟೆ ಜಾತಿಯ ಮರ, ಹೊಸ ನಮೂನೆಯ ಸ್ಕ್ರೂ ಕಂಡರೆ ಅಲಂಕಾರಕ್ಕೆಂದು ಇತ್ತೀಚೆಗೆ ಮಾಡಿ ಆಮ್ಲದಲ್ಲಿ ಮುಳುಗಿಸಿದ ವಸ್ತು. ಅದಕ್ಕೆ ಹಣ ಸುರಿಯಬೇಡಿ.

ನಳಿಗೆಯಲ್ಲಿ, ಲಾಕಿನಲ್ಲಿ ಹುಲಿಪಟ್ಟೆಯ ಚಿತ್ತಾರವೋ ಫಾರಸಿ ಬರಹವೋ ಕಂಡರೆ ಎಣ್ಣೆಯನ್ನೂ ಹಚ್ಚಬೇಡಿ. ಶ್ರೀರಂಗಪಟ್ಟಣದ ಕಾರ್ಖಾನೆಗಳ ಕೆಲಸವಾಗಿರಬಹುದು. ರಾಜ್ಯದ ಪುರಾತತ್ವ, ಸಂಗ್ರಹಾಲಯಗಳ ಇಲಾಖೆಗೆ ತಿಳಿಸಿ.

"ನಳಿಗೆ ಕೊಯ್ದಿದ್ದಾರೆ, ಭಾಗಗಳು ಕಳೆದಿವೆ"

ಸೈನ್ಯದಿಂದ ಹೊರಬಿದ್ದ ಕೋವಿಗಳನ್ನು ಬೇಟೆಗೆ ಹಗುರವಾಗಲೆಂದು ಗಿಡ್ಡ ಮಾಡುತ್ತಿದ್ದರು. ಅದಕ್ಕೆ ತುಂಡು ಸೇರಿಸಿ ಉದ್ದ ಮಾಡುವುದು ಬೇಡ. ಕಳೆದ ಗಜವನ್ನೋ (ಮದ್ದು ತುರುಕುವ ಸರಳು) ಪಟ್ಟಿಯನ್ನೋ ಹೊಂದಿಸಬಹುದು, ಮೂಲದ್ದಕ್ಕೆ ಕೈಹಚ್ಚದೆ, ಬೇಡವೆಂದಾಗ ತೆಗೆಯುವಂತೆ. ಹೊಸ ಭಾಗದ ಒಳಬದಿಯಲ್ಲಿ ಇಸವಿ ಬರೆದಿಡಿ, ಮುಂದೆ ನೋಡುವವರು ಮೋಸಹೋಗಬಾರದು.

"ಯಾರೋ ಆಗಲೇ ಥಳಥಳ ಉಜ್ಜಿಬಿಟ್ಟಿದ್ದಾರೆ"

ಹೋದದ್ದು ಹೋಯಿತು. ಕೃತಕವಾಗಿ ಕಪ್ಪು ಮಾಡಿಸಿ ಎರಡನೇ ಸಲ ಕೆಡಿಸಬೇಡಿ. ಬೆತ್ತಲೆ ಲೋಹ ಬೇಗ ತುಕ್ಕು ಹಿಡಿಯುವುದರಿಂದ ಸಂಗ್ರಹಾಲಯಗಳಲ್ಲಿ ಬಳಸುವ ಮೈಕ್ರೋಕ್ರಿಸ್ಟಲೈನ್ ಮೇಣವನ್ನು ತೆಳುವಾಗಿ ಹಚ್ಚಿ, ಮೆತ್ತನೆ ಬಟ್ಟೆಯಿಂದ ಒರೆಸಿಬಿಡಿ.

ಮತ್ತೆ ಮತ್ತೆ ತುಕ್ಕು ಬಂದರೆ: ಇಟ್ಟ ಜಾಗ ನೋಡಿ

ಕೋವಿಯ ದೋಷಕ್ಕಿಂತ ಜಾಗದ ದೋಷವೇ ಹೆಚ್ಚು. ಅಗ್ಗದ ತೇವಮಾಪಕವೊಂದನ್ನು ಪಕ್ಕದಲ್ಲಿಡಿ. ಕಬ್ಬಿಣಕ್ಕೆ ಶೇ 50ರ ಒಳಗಿದ್ದರೆ ಒಳ್ಳೆಯದು, ಆದರೆ ಮರ ಇರುವುದರಿಂದ ಶೇ 45ಕ್ಕಿಂತ ತೀರಾ ಕೆಳಗಿಳಿಯಬಾರದು. ಮಡಿಕೇರಿ, ಆಗುಂಬೆಯ ಜುಲೈನಲ್ಲಿ ಇದು ತೆರೆದ ಕೋಣೆಯಲ್ಲಿ ಸಾಧ್ಯವಿಲ್ಲದ ಮಾತು. ಅಲ್ಲಿ ಮುಚ್ಚಿದ ಪೆಟ್ಟಿಗೆ, ಸಿಲಿಕಾ ಜೆಲ್ ಬೇಕೇ ಬೇಕು. ಜೆಲ್ಲನ್ನು ಆಗಾಗ ಬಿಸಿ ಮಾಡಿ ಒಣಗಿಸಬೇಕು. ಮಳೆ ಹೊಡೆಯುವ ಗೋಡೆಗೆ ತೂಗಿಸಬೇಡಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ನಿಜ, ಹೊಗೆಯ ಹುಳಿ ಲೋಹಕ್ಕೆ ಒಗ್ಗುವುದಿಲ್ಲ. ಚರ್ಮದ ಚೀಲ ತೇವ ಹಿಡಿದಿಡುತ್ತದೆ.

ಆಯುಧಪೂಜೆ, ಕೊಡವರ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ಪೂಜೆಗೆ ಇಡುವುದು ಬಿಡಬೇಕಿಲ್ಲ. ನಳಿಗೆಯ ಬಾಯಿಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿದ ಕೋವಿ ನೋಡಲು ಎಷ್ಟು ಚಂದ! ಸಂಜೆಗೆ ಹೂವು ತೆಗೆದು, ಕುಂಕುಮ, ಗಂಧ, ನೀರಿನ ಹನಿ ಎಲ್ಲವನ್ನೂ ಒಣಬಟ್ಟೆಯಿಂದ ಒರೆಸಿ. ಬರಿಗೈಯಲ್ಲಿ ಲೋಹ ಮುಟ್ಟಿದವರೆಲ್ಲರ ಬೆರಳಚ್ಚು ಮಳೆಗಾಲದ ಹೊತ್ತಿಗೆ ತುಕ್ಕಾಗಿ ಮೂಡುತ್ತದೆ, ಅದನ್ನೂ ಆ ದಿನವೇ ಎಣ್ಣೆ ಬಟ್ಟೆಯಿಂದ ಒರೆಸಿಬಿಡಿ.

ಬೇರೆಯವರ ಕೈಗೆ ಕೊಡುವ ಮುನ್ನ

ಎರಡೂ ಬದಿ, ಪ್ರತಿ ಮುದ್ರೆ, ಪ್ರತಿ ಸೀಳಿನ ಫೋಟೋ ಹಗಲು ಬೆಳಕಿನಲ್ಲಿ ತೆಗೆದಿಡಿ. ಅಜ್ಜಿಗೋ ದೊಡ್ಡಪ್ಪನಿಗೋ ಈ ಕೋವಿ ಯಾರ ಕಾಲದಲ್ಲಿ, ಎಲ್ಲಿಂದ ಬಂತು ಎಂದು ಗೊತ್ತಿದ್ದರೆ ಅವರ ಮಾತಿನಲ್ಲೇ ಧ್ವನಿಮುದ್ರಣ ಮಾಡಿಕೊಳ್ಳಿ. ಕೆಲಸ ಮಾಡುವವರನ್ನು "ನೀವು ಹಾಕುವುದನ್ನು ಮುಂದೆ ತೆಗೆಯಲು ಬರುತ್ತದೆಯೇ?" ಎಂದು ಕೇಳಿ. ಏನೇನು ಮಾಡುತ್ತಾರೆ ಎಂದು ಬರೆದುಕೊಡಲು ಹೇಳಿ. "ನೋಡ್ತಾ ಇರಿ, ಫ್ಯಾಕ್ಟರಿಯಿಂದ ಬಂದ ಹಾಗೆ ಮಾಡಿಕೊಡ್ತೀನಿ" ಎಂದರೆ ನಮಸ್ಕಾರ ಹೇಳಿ ಕೋವಿಯನ್ನು ವಾಪಸು ತನ್ನಿ.